ಮೇಕೆಯನ್ನು ಕೊಟ್ಟಿಗೆಯಲ್ಲೇ ಸಾಕಬೇಕೆ?

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 14.88 ಕೋಟಿ ಮೇಕೆಗಳಿದ್ದವು. ಹೆಚ್ಚಿನವು ಬಯಲಲ್ಲಿ ಮೇಯ್ದೇ ಬೆಳೆಯುತ್ತವೆ. ಈಗ ಊರ ಗೋಮಾಳ ಕರಗುತ್ತಿದೆ. 2025ರಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಐದು ಹುಲಿಗಳು ಹಸುವಿನ ಕಳೇಬರಕ್ಕೆ ಹಾಕಿದ್ದ ವಿಷಕ್ಕೆ ಬಲಿಯಾದ ಮೇಲೆ, ಕಾಡಿನಲ್ಲಿ ಜಾನುವಾರು ಮೇಯಿಸುವುದನ್ನು ತಡೆಯುವ ಮಾತೂ ಜೋರಾಗಿದೆ. ಹಾಗಾದರೆ ಮೇಕೆಯನ್ನು ಪೂರ್ತಿ ಕೊಟ್ಟಿಗೆಯಲ್ಲೇ ಸಾಕುವುದು ಲೇಸೆ?

ಪರ

ಮೇಕೆಯನ್ನು ಸೊರಗಿಸುವುದರಲ್ಲಿ ಜಂತುಹುಳುವಿನದೇ ಮೇಲುಗೈ. ಇಬ್ಬನಿ ಆರದ ಗಿಡ್ಡ ಹುಲ್ಲಿನಲ್ಲಿ ಕೂತ ಹುಳುವಿನ ಮರಿಗಳು, ಮೇಯುವಾಗ ಹೊಟ್ಟೆ ಸೇರುತ್ತವೆ. ಸಂದು ಬಿಟ್ಟು ಹಲಗೆ ಹೊಡೆದ ಅಟ್ಟಣೆಯ ಮೇಲೆ ಸಾಕಿದರೆ ಹಿಕ್ಕೆ ಕೆಳಗುದುರುತ್ತದೆ, ಮೇವು ಗೋದಲಿಯಲ್ಲಿ ಚೊಕ್ಕಟವಾಗಿ ಉಳಿಯುತ್ತದೆ, ಹುಳುವಿನ ಕಾಟ ತಗ್ಗುತ್ತದೆ.

ಲೆಕ್ಕ ಇಡುವುದೂ ಸುಲಭ. ಮೇಕೆಯ ಗಬ್ಬದ ಅವಧಿ ಸುಮಾರು ಐದು ತಿಂಗಳು. ಹೋತ ಕೂಡಿದ ದಿನ ಗೊತ್ತಿದ್ದರೆ ಕೊನೆಯ ವಾರಗಳಲ್ಲಿ ಹಿಂಡಿ, ಕಾಳು ಹೆಚ್ಚಿಸಬಹುದು. ಈದ ಕೂಡಲೇ ಮರಿಗೆ ಗಿಣ್ಣುಹಾಲು ಕುಡಿಸಬಹುದು. ಬಯಲಲ್ಲಿ ಚೆಲ್ಲಿಹೋಗುವ ಹಿಕ್ಕೆ ಇಲ್ಲಿ ಗೊಬ್ಬರವಾಗಿ ಕಾಸು ತರುತ್ತದೆ. ರಾಷ್ಟ್ರೀಯ ಜಾನುವಾರು ಮಿಷನ್ ಘಟಕದ ವೆಚ್ಚಕ್ಕೆ ಶೇ 50ರಷ್ಟು ಸಹಾಯಧನವನ್ನೂ ಕೊಡುತ್ತದೆ.

ವಿರೋಧ

ಆ ಸಹಾಯಧನ ಶುರುವಾಗುವುದೇ ನೂರು ಹೆಣ್ಣು ಮೇಕೆ, ಐದು ಹೋತಗಳ ಘಟಕದಿಂದ. ಐದಾರು ಮೇಕೆ ಸಾಕುವ ಕೂಲಿ ಹೆಂಗಸಿಗೆ ಅದು ನಿಲುಕದು. ಮೇವಿಗೆ ದುಡ್ಡು ಕೊಡಬೇಕಿಲ್ಲ ಎಂಬುದೇ ಅವಳ ಲಾಭ.

30 ಕೆ.ಜಿ. ತೂಗುವ ಮೇಕೆಗೆ ದಿನಕ್ಕೆ ಮೂರ್ನಾಲ್ಕು ಕೆ.ಜಿ. ಹಸಿಮೇವು ಬೇಕು; ನೂರು ಮೇಕೆಗೆ ಮೂರ್ನಾಲ್ಕು ಕ್ವಿಂಟಲ್. ಬೋರ್‌ವೆಲ್ ಬತ್ತಿದ ಬೇಸಿಗೆಯಲ್ಲಿ ಅಷ್ಟನ್ನು ಎಲ್ಲಿಂದ ತರುವುದು?

ಮೇಲಾಗಿ ಮೇಕೆ ಚಿಗುರು, ಕಾಯಿ, ಮುಳ್ಳುಕಂಟಿಗಳನ್ನು ಆರಿಸಿ ತಿನ್ನುವ ಪ್ರಾಣಿ. ‘ಆಡು ಮುಟ್ಟದ ಸೊಪ್ಪಿಲ್ಲ’ ಎನ್ನುತ್ತಾರೆ, ಆದರೆ ಕೊಟ್ಟಿಗೆಯಲ್ಲಿ ಗಂಜಲ ತಾಗಿದ ಮೇವನ್ನು ಅದು ಮೂಸಿ ಬಿಟ್ಟುಬಿಡುತ್ತದೆ. ಸುಲಭಕ್ಕೆ ಸಿಗುತ್ತದೆಂದು ಸುಬಾಬುಲ್ ಒಂದನ್ನೇ ಹಾಕಿದರೆ ಅದರಲ್ಲಿನ ಮಿಮೋಸಿನ್ ಎಂಬ ವಿಷದಿಂದ ಕೂದಲು ಉದುರಬಹುದು. ಇಕ್ಕಟ್ಟಾದ, ಗಾಳಿಯಾಡದ ಕೊಟ್ಟಿಗೆಯಲ್ಲಿ ನ್ಯುಮೋನಿಯಾ ಹರಡುತ್ತದೆ. ಓಡಾಟವಿಲ್ಲದೆ ಗೊರಸು ಬೆಳೆದು ಮೇಕೆಗಳು ಕುಂಟುತ್ತವೆ. ನಂದಿದುರ್ಗ, ಬೀದರಿಯಂಥ ನಮ್ಮ ತಳಿಗಳು ತಿರುಗಾಡಿ ಮೇಯ್ದೇ ಹದಗೊಂಡವು.

ತೀರ್ಮಾನ

ನೀರಿದ್ದು, ಚೊಗಚೆ, ನುಗ್ಗೆ, ಕುದುರೆಮೆಂತೆ ಬೆಳೆದುಕೊಳ್ಳುವವರಿಗೆ ಕೊಟ್ಟಿಗೆ ಗಿಟ್ಟುತ್ತದೆ. ಮಳೆ ನಂಬಿದವರು ಇಬ್ಬನಿ ಆರಿದ ಮೇಲೆ ಮೇಯಿಸಿ, ಸಂಜೆ ಒಂದಿಷ್ಟು ಕಾಳು, ಸೊಪ್ಪು ಕೊಡುವುದು ಮೇಲು. ಪಿಪಿಆರ್ ಎಂಬ ಅಂಟುರೋಗ ಮತ್ತು ಕರುಳುಬೇನೆಯ ಲಸಿಕೆ ಮಾತ್ರ ಇಬ್ಬರ ಮೇಕೆಗಳಿಗೂ ಬೇಕೇ ಬೇಕು. ಮಳೆಗಾಲಕ್ಕೆ ಮುಂಚೆಯೇ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಹಾಕಿಸಿಬಿಡಿ.