ಹಡಗು ನಿಲ್ಲುವುದು ಹತ್ತು ಗಂಟೆ

ಹ್ಯೂಸ್ಟನ್‌ನಲ್ಲಿರುವ ಅಕ್ಕನ ಮಗಳಿಗೆ ಈ ವಾರದೊಳಗೆ ಒಂದು ತೀರ್ಮಾನ ಬೇಕಂತೆ. ಡಿಸೆಂಬರ್ ರಜೆಗೆ ಗ್ಯಾಲ್ವೆಸ್ಟನ್ ಬಂದರಿನಿಂದ ಹಡಗು ಹತ್ತುವುದು ಗಟ್ಟಿಯಾಗಿದೆ. ಪೆರ್ಲದಿಂದ ಹೋಗಿ ಮಗಳ ಮನೆಯಲ್ಲಿರುವ ಅಕ್ಕನೂ ಜೊತೆಗಿದ್ದಾಳೆ, ಅವಳ ಮೊಣಕಾಲು ನೋವೂ. ಹಡಗು ಮೆಕ್ಸಿಕೋದ ಕೋಸುಮೆಲ್ ದ್ವೀಪದಲ್ಲಿ ಒಂದು ಹಗಲು, ಪ್ರೊಗ್ರೆಸೊ ಬಂದರಿನಲ್ಲಿ ಇನ್ನೊಂದು ಹಗಲು ನಿಲ್ಲುತ್ತದೆ. ಎರಡೂ ಕಡೆಯಿಂದ ಮಾಯಾ ಜನರ ಹಾಳೂರು ಚಿಚೆನ್ ಇಟ್ಜಾಕ್ಕೆ ದಿನವಿಡೀ ಪ್ರವಾಸದ ಟಿಕೆಟ್ ಮಾರುತ್ತಾರೆ. "ಮಾವ, ಅಮ್ಮನ ಕರಕ್ಕೊಂಡು ಹೋಯೆಕೋ ಬೇಡದೋ?"

ಪೆರ್ಲದ ಪೇಟೆಯಲ್ಲಿ ಕೂತವನಿಗೆ ಮಾಯಾ ಪಿರಮಿಡ್ಡಿನ ಉಸಾಬರಿ ಎಂತಕ್ಕೆ ಎಂದು ಓದುಗರು ನಗಬಹುದು. ಆದರೆ ಇದೇ ಲೆಕ್ಕಾಚಾರ ಪಕ್ಕದ ಮಂಗಳೂರಿನ ಪಣಂಬೂರಿನಲ್ಲಿ ವರ್ಷವೂ ನಡೆಯುತ್ತದೆ. ಅಲ್ಲಿ ನೋಡುವವರು ನಾವು, ಬಸ್ಸು ಹತ್ತುವವರು ಹಡಗಿನಲ್ಲಿ ಬಂದವರು, ಅಷ್ಟೇ ವ್ಯತ್ಯಾಸ.

ಮಳೆಗಾಲ ಕಳೆದು ಬೇಸಿಗೆ ಬಲಿಯುವವರೆಗೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ಪ್ರವಾಸಿ ಹಡಗುಗಳು ಬರುತ್ತವೆ. ಕೊರೊನಾ ಅವಧಿ ಮುಗಿದ ಮೇಲೆ 2022ರ ನವೆಂಬರ್‌ನಲ್ಲಿ ಎಂಎಸ್ ಯುರೋಪಾ 2 ಬಂತು, ಆಮೇಲೆ ಒಂದೊಂದಾಗಿ ಉಳಿದವು. ಸಾಮಾನ್ಯವಾಗಿ ಬೆಳಿಗ್ಗೆ ಕಟ್ಟೆಗೆ ತಾಗಿ ಸಂಜೆಗೆ ಬಿಡುತ್ತವೆ. ಯಕ್ಷಗಾನದ ವೇಷದ ಸ್ವಾಗತ, ಹಣೆಗೆ ಕುಂಕುಮ, ಕೈಗೊಂದು ನೀರಿನ ಬಾಟಲಿ, ಆಮೇಲೆ ಬಸ್ಸು. ಮೂಡುಬಿದಿರೆ, ಕಾರ್ಕಳ, ಸೋನ್ಸ್ ಫಾರ್ಮ್, ಸಂತ ಅಲೋಶಿಯಸ್ ಚಾಪೆಲ್, ಕುದ್ರೋಳಿ ಗೋಕರ್ಣನಾಥ, ಗೇರುಬೀಜದ ಕಾರ್ಖಾನೆ, ಪೇಟೆ ಸುತ್ತಾಟ. ಇಷ್ಟರಲ್ಲೇ ಪಟ್ಟಿ ಮುಗಿಯುತ್ತದೆ.

ಬೇಲೂರು–ಹಳೇಬೀಡು ಏಕೆ ಇಲ್ಲ ಎಂದು ಕೇಳುವವರಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಸೋಮನಾಥಪುರದ ಜೊತೆಗೆ ಅವೂ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಈ ಪ್ರಶ್ನೆಗೆ ಇನ್ನಷ್ಟು ಬಲ ಬಂದಿದೆ. ಉತ್ತರಕ್ಕೆ ಕೂಡಿಸಿ ಕಳೆಯುವುದು ಗೊತ್ತಿದ್ದರೆ ಸಾಕು. ಹಡಗು ನಿಲ್ಲುವ ಹತ್ತು ಗಂಟೆಯಲ್ಲಿ ಇಳಿದು, ಕಾಗದಪತ್ರ ತೋರಿಸಿ, ಬಸ್ಸು ಹೊರಡುವುದಕ್ಕೆ ಒಂದು ಗಂಟೆ ಹೋಗುತ್ತದೆ. ಹಡಗು ಬಿಡುವ ಮೊದಲು ವಾಪಸಾಗಿ ಸೇರಿಕೊಳ್ಳಲು ಇನ್ನೊಂದು ಗಂಟೆ ಕೈಯಲ್ಲಿರಬೇಕು. ಉಳಿದದ್ದು ಎಂಟು. ಬೇಲೂರಿಗೆ ನೂರೈವತ್ತು ಕಿ.ಮೀ. ಆಸುಪಾಸು, ಚಾರ್ಮಾಡಿಯ ತಿರುವು ಹತ್ತಿದರೂ ಶಿರಾಡಿ ಹಿಡಿದರೂ ದೊಡ್ಡ ಬಸ್ಸಿಗೆ ಹೋಗಲು ನಾಲ್ಕು, ಬರಲು ನಾಲ್ಕು. ಚೆನ್ನಕೇಶವನ ಬಾಗಿಲಲ್ಲಿ ಬಸ್ಸು ತಿರುಗಿಸಿಕೊಂಡು ಬರಬೇಕು, ಮದನಿಕೆಯರಿಗೆ ಕಿಟಕಿಯಿಂದಲೇ ಕೈಬೀಸಬೇಕು.

ಮೂಡುಬಿದಿರೆ ಹಾಗಲ್ಲ. ಸುಮಾರು 35 ಕಿ.ಮೀ., ಒಂದು ಗಂಟೆಯ ಮಾರ್ಗ. 1430ರ ಸುಮಾರಿಗೆ ಎದ್ದ ಸಾವಿರ ಕಂಬದ ಬಸದಿಯಲ್ಲಿ ಎರಡು ಗಂಟೆ ಅಡ್ಡಾಡಬಹುದು. ಇಷ್ಟವಿದ್ದವರು ಕಾರ್ಕಳಕ್ಕೆ ಮುಂದುವರಿದು 1432ರ ಗೊಮ್ಮಟನನ್ನೂ ನೋಡಿ ಊಟದ ಹೊತ್ತಿಗೆ ಹಿಂದಿರುಗಬಹುದು. ಬಸದಿಯಲ್ಲಿ ಜನ ಕಂಬ ಎಣಿಸುತ್ತಾರೆ, ತಲೆಯೆತ್ತಿ ಚಾವಣಿ ನೋಡುತ್ತಾರೆ. ನಾನು ಯಾರನ್ನೇ ಕರೆದುಕೊಂಡು ಹೋದರೂ ಮೊದಲು ಬಗ್ಗಿಸಿ ನಿಲ್ಲಿಸುವುದು ಭೈರಾದೇವಿ ಮಂಟಪದ ತಳಪಾಯದ ಮುಂದೆ. ಅಲ್ಲೊಂದು ಜಿರಾಫೆ ಇದೆ, ಚೀನಾದ ಡ್ರ್ಯಾಗನ್ನೂ ಇದೆ. ಆಫ್ರಿಕಾದ ಪ್ರಾಣಿ ತುಳುನಾಡಿನ ಕಲ್ಲಿಗೆ ಬಂದದ್ದು ಕಡಲದಾರಿಯ ಸುದ್ದಿಯಾಗಿಯೇ. ಕೆತ್ತಿದವನು ಜಿರಾಫೆಯನ್ನು ಕಣ್ಣಾರೆ ಕಂಡಿದ್ದನೋ, ಯಾರೋ ನಾವಿಕ ಹೇಳಿದ್ದನ್ನು ಕೇಳಿ ಕತ್ತು ಎಳೆದನೋ. ಹಡಗಿನಲ್ಲಿ ಬಂದ ಪ್ರವಾಸಿಗೆ ತೋರಿಸಲು ಇದಕ್ಕಿಂತ ಒಪ್ಪುವ ಶಿಲ್ಪ ನನಗೆ ಗೊತ್ತಿಲ್ಲ. ಬೇಲೂರಿನ ಹೆಸರು ದೊಡ್ಡದು ಎಂಬುದರಲ್ಲಿ ತಕರಾರಿಲ್ಲ. ಆದರೆ ಆ ಒಂದು ಹಗಲಿಗೆ ಮೂಡುಬಿದಿರೆಯೇ ದೊಡ್ಡ ಊರು.

ಇದರಿಂದ ನಾನು ಮಾಡಿಕೊಂಡ ನಿಯಮ ಒರಟಾದದ್ದು: ನೆಲದ ಮೇಲೆ ನಡೆಯಲು ಸಿಗುವ ಹೊತ್ತು ಬಸ್ಸಿನಲ್ಲಿ ಕೂರುವ ಹೊತ್ತಿನ ಅರ್ಧವಾದರೂ ಇರಬೇಕು. ಇಲ್ಲದಿದ್ದರೆ ದುಡ್ಡು ಕೊಟ್ಟು ಬಸ್ಸಿನ ಸೀಟು ನೋಡಿ ಬಂದಂತೆ.

ಈ ಅಳತೆಗೋಲನ್ನು ಕೋಸುಮೆಲ್‌ಗೆ ಹಿಡಿಯಿರಿ. ಅದು ದ್ವೀಪ. ಚಿಚೆನ್ ಇಟ್ಜಾ ಇರುವುದು ನಡುನಾಡಿನಲ್ಲಿ. ಹಡಗಿನಿಂದಿಳಿದು ಮುಕ್ಕಾಲು ಗಂಟೆ ಫೆರಿಯಲ್ಲಿ ಪ್ಲಾಯಾ ದೆಲ್ ಕಾರ್ಮೆನ್ ಸೇರಬೇಕು, ಅಲ್ಲಿಂದ ಸುಮಾರು 180 ಕಿ.ಮೀ. ಬಸ್ಸು, ಎರಡೂವರೆ ಗಂಟೆ. ಕಾಯುವುದು, ತಲೆ ಎಣಿಸುವುದು, ಮಧ್ಯೆ ಅಂಗಡಿಯ ಮುಂದೆ "ಹತ್ತೇ ನಿಮಿಷ" ಎಂದು ನಿಲ್ಲಿಸುವುದು ಎಲ್ಲ ಸೇರಿದರೆ ಹೋಗಲು ನಾಲ್ಕು, ಬರಲು ನಾಲ್ಕು. ಥೇಟ್ ಬೇಲೂರಿನ ಲೆಕ್ಕ. ಚಳಿಗಾಲದಲ್ಲಿ ಉತ್ತರದ ಗಾಳಿ ಎದ್ದರೆ ಫೆರಿಯಲ್ಲಿ ಹೊಟ್ಟೆ ತೊಳಸುವುದು ಬೇರೆ. ಕಾಂಕೂನ್ ಕಡೆಯ ಬಸ್ಸುಗಳೆಲ್ಲ ಬಂದು ಸೇರುವ ನಡುಮಧ್ಯಾಹ್ನದ ಬಿಸಿಲಿನಲ್ಲಿ ಇವರೂ ಇಳಿಯುತ್ತಾರೆ.

ಇಳಿದು ನೋಡುವುದಾದರೂ ಏನನ್ನು? ಎಲ್ ಕಾಸ್ತಿಯೋ ಪಿರಮಿಡ್ಡಿಗೆ ನಾಲ್ಕು ಮಗ್ಗುಲಲ್ಲಿ ತಲಾ 91 ಮೆಟ್ಟಿಲು, ಮೇಲಿನ ಗುಡಿಯದೊಂದು ಸೇರಿಸಿದರೆ 365, ವರ್ಷದ ದಿನಗಳಷ್ಟು. ಕಟ್ಟಿದವರ ಗಣಿತಕ್ಕೆ ಕೈಮುಗಿಯಬೇಕು. ಆದರೆ 2006ರಿಂದ ಅದನ್ನು ಹತ್ತಲು ಬಿಡುವುದಿಲ್ಲ. ನೆರಳು ಹಾವಿನಂತೆ ಮೆಟ್ಟಿಲಿಳಿಯುವ ಪ್ರಸಿದ್ಧ ದೃಶ್ಯ ಕಾಣುವುದು ಹಗಲಿರುಳು ಸಮವಾಗುವ ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ. ಡಿಸೆಂಬರಿನಲ್ಲಿ ಹೋದವರಿಗೆ ಅದು ಪೋಸ್ಟ್‌ಕಾರ್ಡಿನಲ್ಲಿ ಮಾತ್ರ. 2007ರಲ್ಲಿ ತಾಜ್‌ಮಹಲಿನ ಜೊತೆ ಹೊಸ ಏಳು ಅದ್ಭುತಗಳ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಹೋಗುವವರಲ್ಲಿ ಅರ್ಧ ಮಂದಿಗೆ ಹೋಗಿ ಬಂದೆವು ಎನ್ನುವುದೇ ಮುಖ್ಯ ಎಂದು ನನ್ನ ಗುಮಾನಿ. ಕೋಸುಮೆಲ್‌ನಿಂದ ಚಿಚೆನ್ ಇಟ್ಜಾ ಬೇಡವೇ ಬೇಡ ಎಂದೆ.

ಆ ದ್ವೀಪದಲ್ಲೇ ಸಾನ್ ಹೆರ್ವಾಸಿಯೊ ಎಂಬ ಪುಟ್ಟ ಮಾಯಾ ನೆಲೆಯಿದೆ, ಟ್ಯಾಕ್ಸಿ ಹಿಡಿದರೆ ಅರ್ಧ ಗಂಟೆಯೂ ಬೇಡ. ಎತ್ತರದ ಪಿರಮಿಡ್ ಇಲ್ಲ. ಕಾಡಿನ ನಡುವೆ ಗಿಡ್ಡ ಕಲ್ಲುಮನೆಗಳು, ಅಗಲವಾದ ಕಾಲುದಾರಿ. ಇದು ಇಶ್ಚೆಲ್ ಎಂಬ ದೇವಿಯ ಕ್ಷೇತ್ರ. ಮಕ್ಕಳಾಗಲಿ, ಹೆರಿಗೆ ಸಲೀಸಾಗಲಿ ಎಂದು ಹರಕೆ ಹೊತ್ತ ಹೆಂಗಸರು ಆಚೆ ದಡದಿಂದ ದೋಣಿಯಲ್ಲಿ ಕಡಲು ದಾಟಿ ಇಲ್ಲಿಗೆ ಬರುತ್ತಿದ್ದರು. ಸ್ಪೇನಿನ ದಂಡನಾಯಕ ಕೊರ್ತೆಸ್ 1519ರಲ್ಲಿ ದ್ವೀಪಕ್ಕೆ ಕಾಲಿಟ್ಟಾಗಲೂ ಇದು ಯಾತ್ರಾಸ್ಥಳವೇ ಆಗಿತ್ತು. ಒಂದು ಕಟ್ಟಡದ ಗೋಡೆಯ ಮೇಲೆ ಕೆಂಪು ಬಣ್ಣದ ಅಂಗೈ ಗುರುತುಗಳಿವೆ, ಸಣ್ಣ ಸಣ್ಣವು. ಅಕ್ಕನಂಥವರಿಗೆ ಯಾವ ಗೈಡೂ ವಿವರಿಸಬೇಕಾಗಿಲ್ಲದ ಜಾಗ ಅದು. ಎರಡು ಗಂಟೆ ನಿಧಾನವಾಗಿ ನಡೆದು, ಮಧ್ಯಾಹ್ನದ ಊಟಕ್ಕೆ ಹಡಗಿಗೇ ಬರಬಹುದು.

ಪ್ರೊಗ್ರೆಸೊದ ಕತೆ ಬೇರೆ. ಕಡಲು ಆಳವಿಲ್ಲದ್ದರಿಂದ ಅಲ್ಲಿ ಆರೂವರೆ ಕಿ.ಮೀ. ಉದ್ದದ ಕಟ್ಟೆ ಕಟ್ಟಿ ತುದಿಯಲ್ಲಿ ಹಡಗು ನಿಲ್ಲಿಸುತ್ತಾರೆ. ಫೆರಿಯ ತಾಪತ್ರಯವಿಲ್ಲ. ಚಿಚೆನ್ ಇಟ್ಜಾಕ್ಕೆ ಎರಡು ಗಂಟೆ ಚಿಲ್ಲರೆ, ನನ್ನ ನಿಯಮಕ್ಕೆ ಅದು ಹೇಗೋ ಪಾಸಾಗುತ್ತದೆ. ಆದರೂ ನಾನು ಹೇಳಿದ್ದು ಊಶ್ಮಾಲ್ ಎಂಬ ಇನ್ನೊಂದು ಮಾಯಾ ಹಾಳೂರು. ದಾರಿ ಇನ್ನೂ ಸ್ವಲ್ಪ ಕಡಿಮೆ, ಜನರ ನೂಕುನುಗ್ಗಲೂ ಕಡಿಮೆ. ಅದಕ್ಕಿಂತ ದೊಡ್ಡ ಕಾರಣ ನೀರು.

ಈ ಹಾಳೂರುಗಳಿರುವ ಯುಕಾತಾನ್ ಅಂದರೆ ಸುಣ್ಣಕಲ್ಲಿನ ಚಪ್ಪಟೆ ನೆಲ. ಮಳೆ ಬಿದ್ದದ್ದು ಕಲ್ಲಿನೊಳಗೆ ಇಳಿದುಹೋಗುತ್ತದೆ, ನೆಲದ ಮೇಲೆ ಹರಿಯುವ ಹೊಳೆಯೇ ಇಲ್ಲ. ಅಲ್ಲಲ್ಲಿ ಸುಣ್ಣಕಲ್ಲಿನ ಚಾವಣಿ ಕುಸಿದು ಅಡಿಯ ನೀರು ಕಾಣುವ ಭಾರೀ ಹೊಂಡಗಳು, ಸೆನೋತೆಗಳು. ಚಿಚೆನ್ ಇಟ್ಜಾ ಬೆಳೆದದ್ದು ಅಂಥ ಹೊಂಡಗಳನ್ನು ನೆಚ್ಚಿ. ಊಶ್ಮಾಲ್ ಇರುವ ಗುಡ್ಡದ ಸೀಮೆಯಲ್ಲಿ ಆ ಭಾಗ್ಯವೂ ಇಲ್ಲ, ನೀರು ಬಹಳ ಆಳದಲ್ಲಿದೆ. ಹಾಗಿದ್ದೂ ಅಲ್ಲಿ ಅಷ್ಟು ದೊಡ್ಡ ಪಟ್ಟಣ ಕಟ್ಟಿದರು. ಹೇಗೆಂದರೆ, ಅಂಗಳಗಳನ್ನು ಗಚ್ಚು ಹಾಕಿ ಇಳಿಜಾರು ಮಾಡಿ, ಬಿದ್ದ ಮಳೆಯನ್ನೆಲ್ಲ ನೆಲದೊಳಗಿನ ತೊಟ್ಟಿಗಳಿಗೆ ತಿರುಗಿಸಿದರು. ಚುಲ್ತುನ್ ಎನ್ನುತ್ತಾರೆ: ಕೂಜೆಯ ಹಾಗೆ ಬಾಯಿ ಕಿರಿದು, ಹೊಟ್ಟೆ ಅಗಲ, ಒಳಗೆಲ್ಲ ಗಾರೆ. ಊಶ್ಮಾಲ್‌ನ ಗೋಡೆಗಳಲ್ಲಿ ಸೊಂಡಿಲಿನಂತೆ ಸುರುಳಿಯಾದ ಮೂಗಿನ ಮುಖಗಳು ಸಾಲು ಸಾಲಾಗಿವೆ. ಅವು ಮಳೆದೇವರು ಚಾಕ್‌ನ ಮುಖಗಳು ಎಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಬರಗಾಲಗಳು ಈ ಪಟ್ಟಣಗಳನ್ನು ಕೆಡವಿದ ಕಾರಣಗಳಲ್ಲೊಂದು ಎಂದು ಸರೋವರದ ಕೆಸರು ಪರೀಕ್ಷಿಸಿದ ವಿಜ್ಞಾನಿಗಳ ವಾದ. ಆ ಮಾತು ತಿಳಿದು ನೋಡಿದರೆ ಆ ಮೂಗಿನ ಸಾಲು ಅಲಂಕಾರವಾಗಿ ಕಾಣುವುದಿಲ್ಲ, ಮೊರೆಯಾಗಿ ಕಾಣುತ್ತದೆ.

ಪಡ್ರೆ, ಬಾಯಾರು, ಮಾಣಿಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟೇ ಅಗಲಕ್ಕೆ ಸುರಂಗ ಕೊರೆದು, ಒಸರುವ ನೀರನ್ನು ಪಂಪಿಲ್ಲದೆ ಅಡಿಕೆ ತೋಟಕ್ಕೆ ಇಳಿಸಿಕೊಂಡವರು ನಾವು. ಗಡಿಯಾಚೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಕೊರೆದು, ಕೊರೆದದ್ದು ಬರಡಾದರೂ ಮತ್ತೆ ಕೊರೆದು ನೀರು ಕಂಡವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಳೆಕೊಯ್ಲಿನ ಬಗ್ಗೆ ದಶಕಗಳಿಂದ ಬರೆಯುತ್ತಿರುವ ಶ್ರೀ ಪಡ್ರೆಯವರು ನಮ್ಮ ಎಣ್ಮಕಜೆ ಪಂಚಾಯತಿನವರೇ. ಈ ಮಣ್ಣಿನಿಂದ ಹೋದವರು ಊಶ್ಮಾಲ್‌ನಲ್ಲಿ ಪಿರಮಿಡ್ಡಿನ ತುದಿ ನೋಡುವುದಕ್ಕಿಂತ ನೆಲದ ಮೇಲಿನ ಆ ಸಣ್ಣ ಬಾಯಿಗಳನ್ನು ಹುಡುಕುತ್ತಾರೆ. ಅಕ್ಕ ಹುಡುಕಿಯೇ ಹುಡುಕುತ್ತಾಳೆ.

ಇನ್ನು ವ್ಯವಹಾರದ ಮಾತು. ಹೊರಗಿನ ಏಜೆಂಟರ ಟಿಕೆಟ್ ಅಗ್ಗ, ಹಡಗಿನ ಕಂಪನಿಯದು ದುಬಾರಿ. ದೂರದ ಪ್ರವಾಸಕ್ಕೆ ದುಬಾರಿಯದೇ ಸರಿ. ಹಡಗಿನವರೇ ಕಳಿಸಿದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಸೇರಿಸುವ ಜವಾಬ್ದಾರಿ ಅವರದು. ಖಾಸಗಿ ಕಾರಿನ ಟಯರು ಪಂಕ್ಚರಾದರೆ ಕಟ್ಟೆಯ ಮೇಲೆ ನಿಂತು ಟಾಟಾ ಮಾಡಬೇಕಾದೀತು. ಟ್ಯಾಕ್ಸಿಯಲ್ಲಿ ಹೋಗಿ ಬರುವ ಸಾನ್ ಹೆರ್ವಾಸಿಯೊಗೆ ಇಷ್ಟೆಲ್ಲ ಬೇಕಿಲ್ಲ.

ಗಡಿಯಾರದ್ದೂ ಒಂದು ಕುತ್ತಿದೆ. ಅಡ್ಕಸ್ಥಳದಲ್ಲಿ ಕೇರಳ–ಕರ್ನಾಟಕ ಗಡಿ ದಾಟಿದರೆ ನಮಗೆ ಬೋರ್ಡಿನ ಅಕ್ಷರ ಮಾತ್ರ ಬದಲಾಗುತ್ತದೆ. ಮೆಕ್ಸಿಕೋದಲ್ಲಿ ಗಂಟೆಯೇ ಬದಲಾಗುತ್ತದೆ. ಕೋಸುಮೆಲ್ ಇರುವ ರಾಜ್ಯ 2015ರಲ್ಲಿ ತನ್ನ ಸಮಯವನ್ನು ಒಂದು ಗಂಟೆ ಮುಂದೆ ಹಾಕಿಕೊಂಡಿತು, ಚಳಿಗಾಲದಲ್ಲಿ ಹ್ಯೂಸ್ಟನ್‌ಗಿಂತ ಅದು ಒಂದು ಗಂಟೆ ಮುಂದೆ. ಪ್ರೊಗ್ರೆಸೊ ಇರುವ ಯುಕಾತಾನ್ ರಾಜ್ಯ ಹಳೆಯ ಸಮಯದಲ್ಲೇ ಉಳಿದಿದೆ. ಮೊಬೈಲು ಊರಿನ ಸಮಯ ತೋರಿಸಿದರೂ ಹಡಗು ಬಿಡುವುದು ಹಡಗಿನ ಸಮಯಕ್ಕೆ. ಕೈಗೊಂದು ಹಳೇ ಕಾಲದ ವಾಚು ಕಟ್ಟಿ, ಹಡಗಿನ ಗಡಿಯಾರಕ್ಕೆ ಹೊಂದಿಸಿಕೊಳ್ಳಿ.

ಊಟದ್ದು ಅಕ್ಕನ ಮುಖ್ಯ ಚಿಂತೆ. ಆ ಕಡೆ ಬೇಯಿಸಿದ ಕಾಳಿಗೂ ಹಂದಿಯ ಕೊಬ್ಬು ಹಾಕುವ ರೂಢಿಯಿದೆ. "ಮಾಂಸ ಇಲ್ಲ" ಎಂದ ಮಾತ್ರಕ್ಕೆ ಸಸ್ಯಾಹಾರ ಆಗಲಿಲ್ಲ. ಕೊಬ್ಬಿನ ಬಗ್ಗೆ ಬೇರೆಯೇ ಕೇಳಬೇಕು. ಹಣ್ಣು, ಪ್ಯಾಕೆಟ್ಟಿನ ಬಿಸ್ಕತ್ತು, ನೀರು ಇದ್ದರೆ ಒಂದು ಹಗಲು ಸುಲಭದಲ್ಲಿ ಹೋಗುತ್ತದೆ. ಮರೆಯದೆ ಟೊಪ್ಪಿ.

ಅವರಿಗೆ ಉಪದೇಶ ಹೇಳಿದ ಬಾಯಲ್ಲೇ ನಮ್ಮವರಿಗೂ ಎರಡು ಮಾತು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ಹೆದ್ದಾರಿ ಆದ ಮೇಲೆ ಹಡಗಿನ ಪ್ರವಾಸಿಗರನ್ನು ಕಾಸರಗೋಡಿಗೂ ಎಳೆಯಬೇಕು ಎಂಬ ಮಾತು ಚಹಾದ ಅಂಗಡಿಯಲ್ಲಿ ಜೋರಾಗಿದೆ. ಎಳೆಯಲಿ. ಪಣಂಬೂರಿನಿಂದ ಕುಂಬಳೆ ಪಕ್ಕದ ಅನಂತಪುರ ಕೆರೆದೇಗುಲ ಒಂದೂವರೆ ಗಂಟೆಯೊಳಗಿನ ದಾರಿ. 2022ರ ಅಕ್ಟೋಬರಿನಲ್ಲಿ ಬಬಿಯಾ ಮೊಸಳೆ ತೀರಿಕೊಂಡಾಗ ದೇಶವೆಲ್ಲ ಸುದ್ದಿಯಾದ ಜಾಗ ಅದು. ಇನ್ನೂ ತೆಂಕಕ್ಕೆ ಹೋದರೆ ಇಕ್ಕೇರಿ ನಾಯಕರ ಬೇಕಲ ಕೋಟೆ. ಎರಡನ್ನೂ ಒಂದೇ ಹಗಲಿಗೆ ತುರುಕಿದರೆ ಬಸ್ಸಿನ ಹೊತ್ತು ಮತ್ತೆ ಹೆಚ್ಚುತ್ತದೆ. ಯಾವುದಾದರೂ ಒಂದು ಸಾಕು.

ಸುರಂಗಕ್ಕೆ ಮಾತ್ರ ದೊಡ್ಡ ಬಸ್ಸು ಬೇಡ. ಒಬ್ಬರ ಹಿಂದೆ ಒಬ್ಬರು ಬಗ್ಗಿ ಹೋಗುವ ಬಾಯಿಗೆ ಐವತ್ತು ಮಂದಿಯನ್ನು ಇಳಿಸಿದರೆ ಸುರಂಗವೂ ಕಾಣದು, ತೋಟದ ಬೇಲಿಯೂ ಉಳಿಯದು. ಕಾರಿನಲ್ಲಿ ಮೂವರು ನಾಲ್ವರು ಬಂದು, ಮನೆಯವರನ್ನು ಕೇಳಿ, ಟಾರ್ಚು ಹಿಡಿದು ಒಳಗೆ ಹೋಗಲಿ. ಮೂಡುಬಿದಿರೆಗೆ ಬಸ್ಸು ಬಿಡುವವರಿಗೆ ನನ್ನದೊಂದೇ ಕೋರಿಕೆ: ಸಾವಿರ ಕಂಬದ ಲೆಕ್ಕ ಒಪ್ಪಿಸಿ ಮುಗಿಸುವ ಗೈಡಿಗೆ ಜಿರಾಫೆ ಎಲ್ಲಿದೆ ಎಂಬುದನ್ನೂ ಹೇಳಿಕೊಟ್ಟು ಕಳಿಸಿ.