ರಾಣಿಪೇಟೆಯ ಅಂತರ್ಜಲ ಮತ್ತು ಸೂಕ್ಷ್ಮಜೀವಿಗಳ ಮಿತಿ

ಕರ್ನಾಟಕದ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿ ಆಂಧ್ರವನ್ನು ಹಾದು ತಮಿಳುನಾಡಿಗೆ ಇಳಿಯುತ್ತದೆ. ಅದರ ದಡದ ರಾಣಿಪೇಟೆಯಲ್ಲಿ, 1990ರ ದಶಕದಲ್ಲಿ ಮುಚ್ಚಿದ ಕ್ರೋಮೇಟ್ ಕಾರ್ಖಾನೆಯೊಂದರ ಆವರಣದಲ್ಲಿ ಲಕ್ಷ ಟನ್ನಿಗೂ ಮಿಕ್ಕ ತ್ಯಾಜ್ಯ ರಾಶಿಬಿದ್ದಿತು. ಮಳೆನೀರಿನಲ್ಲಿ ಕರಗಿದ ಕ್ರೋಮಿಯಂ ಅಂತರ್ಜಲವನ್ನು ಸೇರಿತು. ಕುಡಿಯುವ ನೀರಿನಲ್ಲಿ ಈ ಲೋಹ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ವಿಧಿಸಿದೆ.

ಇಂಥ ನೀರನ್ನು ಸೂಕ್ಷ್ಮಜೀವಿಗಳಿಂದ ಶುದ್ಧಗೊಳಿಸಬಹುದೆಂಬ ಭರವಸೆ ನಿರಾಧಾರವಲ್ಲ. ಮದ್ರಾಸಿನ ಐಐಟಿಯ ಸಂಶೋಧಕರು ರಾಣಿಪೇಟೆಯ ಕಲುಷಿತ ಮಣ್ಣಿನ ಮೇಲೆಯೇ ಈ ಬಗೆಯ ಪ್ರಯೋಗಗಳನ್ನು ನಡೆಸಿದ್ದಾರೆ. ಕ್ರೋಮಿಯಂ-6 ಎಂಬ ರೂಪ ನೀರಿನಲ್ಲಿ ಕರಗಿ ದೂರ ಹರಿಯುತ್ತದೆ. ಅದು ಕ್ಯಾನ್ಸರ್‌ಕಾರಕವೂ ಹೌದು. ಕ್ರೋಮಿಯಂ-3 ಮಣ್ಣಿನ ಕಣಗಳಿಗೆ ಅಂಟಿ ನಿಲ್ಲುತ್ತದೆ. ಅದರ ವಿಷವೂ ಬಹಳ ಕಡಿಮೆ. ಕಾಕಂಬಿಯಂತಹ ಆಹಾರ ದೊರೆತಾಗ ಕೆಲವು ಬ್ಯಾಕ್ಟೀರಿಯಾಗಳು ಲೋಹಕ್ಕೆ ಎಲೆಕ್ಟ್ರಾನುಗಳನ್ನು ದಾಟಿಸಿ, ಮೊದಲನೆಯ ರೂಪವನ್ನು ಎರಡನೆಯದಾಗಿ ಮಾರ್ಪಡಿಸುತ್ತವೆ.

ಆದರೆ ಲೋಹ ಇದರಿಂದ ನಾಶವಾಗುವುದಿಲ್ಲ, ಇದ್ದಲ್ಲೇ ನೆಲೆನಿಲ್ಲುತ್ತದೆ ಅಷ್ಟೆ. ಮಣ್ಣಿನಲ್ಲಿರುವ ಮ್ಯಾಂಗನೀಸ್ ಆಕ್ಸೈಡುಗಳು ಅದನ್ನು ಮತ್ತೆ ವಿಷರೂಪಕ್ಕೆ ತಿರುಗಿಸಬಲ್ಲವು. ಅಮೆರಿಕದ ಕೊಲರಾಡೊ ರಾಜ್ಯದ ರೈಫಲ್ ಎಂಬಲ್ಲಿಯ ಅನುಭವವೂ ಇಂಥದೇ ಎಚ್ಚರಿಕೆಯನ್ನು ನೀಡುತ್ತದೆ. ಅಲ್ಲಿ 2002ರಲ್ಲಿ ಯುರೇನಿಯಂ ಬೆರೆತ ಅಂತರ್ಜಲಕ್ಕೆ ಅಸಿಟೇಟ್ ಉಣಿಸಿದಾಗ ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯಿತು. ಕೆಲವೇ ವಾರಗಳಲ್ಲಿ ಯುರೇನಿಯಂ ಇಳಿಯಿತು. ಮುಂದೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದಾಗ ಅದು ಪುನಃ ಏರತೊಡಗಿತು.

ಆದುದರಿಂದ ತ್ಯಾಜ್ಯದ ರಾಶಿಯನ್ನು ತೆರವುಗೊಳಿಸದೆ, ಇಲ್ಲವೇ ಮಳೆನೀರು ತಾಗದಂತೆ ಭದ್ರಪಡಿಸದೆ, ಸೂಕ್ಷ್ಮಜೀವಿಗಳನ್ನು ಮಾತ್ರ ನೆಚ್ಚುವುದು ತೂತುಬಿದ್ದ ಕೊಡಕ್ಕೆ ನೀರೆರೆದಂತೆ. ಅದಾದ ಮೇಲೂ ವರ್ಷಾನುಗಟ್ಟಲೆ ಬಾವಿಗಳ ಪರೀಕ್ಷೆ ನಡೆಯಬೇಕು. ಅದರ ಫಲಿತಾಂಶ ನೀರು ಕುಡಿಯುವವರಿಗೆ ಓದಿ ತಿಳಿಯುವಂತಿರಬೇಕು.

ಹೊಸೂರು, ತಾಳವಾಡಿಗಳ ಕನ್ನಡ ಶಾಲೆಗಳ ಕುಟುಂಬಗಳಿಗೆ ಈ ಕೊನೆಯ ಮಾತು ಮುಖ್ಯ. ಜನಸಂಖ್ಯೆಯ ಶೇ. 15ರಷ್ಟಾದರೂ ಇರುವ ಭಾಷಾ ಅಲ್ಪಸಂಖ್ಯಾತರಿಗೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೇ ದೊರೆಯಬೇಕೆಂಬುದು ದೇಶ ಒಪ್ಪಿಕೊಂಡ ರಕ್ಷಣೆ. ನೀರಿನ ಪರೀಕ್ಷಾ ವರದಿಯೂ ಅಂಥದೊಂದು ಪ್ರಕಟಣೆಯೆಂದೇ ನಾವು ಭಾವಿಸುತ್ತೇವೆ. ಗ್ರಾಮಸಭೆಗಳಲ್ಲಿ ಅದನ್ನು ಕನ್ನಡದಲ್ಲಿ ಕೇಳಿ ಪಡೆಯೋಣ. ವಿಜ್ಞಾನದ ಪಾಠ ಓದುವ ನಮ್ಮ ಮಕ್ಕಳೇ ಅದನ್ನು ಹಿರಿಯರಿಗೆ ವಿವರಿಸಬಲ್ಲರು.