ಕರಾರು ತೀರಿದ ಮೇಲೆ ಆಟಗಾರನು ಯಾರ ಸೊತ್ತು?

ಕಾಲ್ಚೆಂಡಾಟದ ರಸಿಕರಲ್ಲಿ ಒಂದು ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಹಿಂದೆ ಆಟಗಾರರಿಗೆ ತಂತಮ್ಮ ಕ್ಲಬ್ಬಿನಲ್ಲಿ ನಿಷ್ಠೆಯಿತ್ತಂತೆ. ಬೆಲ್ಜಿಯಂ ದೇಶದ ಬೋಸ್ಮನ್ ಎಂಬಾತನು ನ್ಯಾಯಾಲಯದ ಮೆಟ್ಟಲೇರಿ ಅದನ್ನು ಕೆಡಿಸಿದನಂತೆ. ಅಂದಿನಿಂದ ಆಟವು ಹಣವುಳ್ಳವರ ಪಾಲಾಯಿತಂತೆ. ಹೀಗೆನ್ನುವವರು ದುರ್ಜನರಲ್ಲ, ಆಟವನ್ನು ಪ್ರೀತಿಸುವವರೇ ಸರಿ. ಆದರೆ ಪ್ರೀತಿಯಿಂದ ಆಡಿದ ಮಾತೆಲ್ಲವೂ ನ್ಯಾಯದ ಮಾತಾಗಲಾರದು. ಆ ಮನುಷ್ಯನ ವೃತ್ತಿಜೀವನವು ಹೇಗೆ ಮುರಿಯಿತು, ಮುರಿದವರು ಯಾರು ಎಂಬುದನ್ನು ವಿಚಾರಿಸದೆ ಆತನ ಮೇಲೆಯೇ ದೋಷವನ್ನು ಹೊರಿಸುವುದು, ಕಳವಾದ ಮನೆಯ ಯಜಮಾನನನ್ನೇ ಕಳ್ಳನೆಂದು ಕಟ್ಟಿಹಾಕಿದಂತೆ. ಆದುದರಿಂದ ಮೊದಲು ಸಂಗತಿಯನ್ನು ನಿರೂಪಿಸಿ, ಅನಂತರ ಪೂರ್ವಪಕ್ಷಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕಡೆಗೆ ನಮ್ಮ ಸಿದ್ಧಾಂತವನ್ನು ವಾಚಕರ ಮುಂದಿಡುತ್ತೇವೆ.

ಜೀನ್-ಮಾರ್ಕ್ ಬೋಸ್ಮನ್ನನು 1964ರಲ್ಲಿ ಹುಟ್ಟಿದವನು. ಆತನು ಆಡುತ್ತಿದ್ದುದು ಮೈದಾನದ ನಡುಪಂಕ್ತಿಯಲ್ಲಿ. ಈ ಸ್ಥಾನದವನನ್ನು ಈಗಿನವರು ಮಿಡ್‌ಫೀಲ್ಡರ್ ಎನ್ನುತ್ತಾರೆ. ಹಿಂದಿನವರು ತಡೆದ ಚೆಂಡನ್ನು ಮುಂದಿನವರಿಗೆ ಮುಟ್ಟಿಸುವುದು ಇವನ ಕೆಲಸ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುವುದು. ಚೆಂಡನ್ನು ಒದಗಿಸಿದವನ ಹೆಸರು ಬಂದರೆ ಬಂತು, ಇಲ್ಲವಾದರೆ ಇಲ್ಲ. ಲಿಯೇಜ್ ಪಟ್ಟಣದ ಸ್ಟಾಂಡರ್ಡ್ ಕ್ಲಬ್ಬಿನಲ್ಲಿ ಬಾಲ್ಯದಿಂದ ಕಲಿತು, ತನ್ನ ದೇಶದ ಯುವಕರ ತಂಡಕ್ಕೆ ನಾಯಕನೂ ಆಗಿದ್ದ ಈತನನ್ನು 1988ರಲ್ಲಿ ಅದೇ ಊರಿನ ಮತ್ತೊಂದು ಕ್ಲಬ್ಬಾದ ಆರ್. ಸಿ. ಲಿಯೇಜ್ 30 ಲಕ್ಷ ಬೆಲ್ಜಿಯನ್ ಫ್ರಾಂಕು ಕೊಟ್ಟು ತೆಗೆದುಕೊಂಡಿತು. ಕರಾರಿನ ಅವಧಿ 1990ನೆಯ ಇಸವಿ ಜೂನ್ 30ರ ವರೆಗೆ. ಭತ್ಯಗಳೂ ಸೇರಿ ತಿಂಗಳಿಗೆ ಸರಾಸರಿ 1,20,000 ಫ್ರಾಂಕು ಬರುತ್ತಿದ್ದಿತು.

ಅವಧಿ ತೀರುವ ಮುನ್ನ, ಅದೇ ವರ್ಷದ ಏಪ್ರಿಲಿನಲ್ಲಿ, ಕ್ಲಬ್ಬು ಹೊಸ ಕರಾರನ್ನು ಮುಂದಿಟ್ಟಿತು. ಅದರಲ್ಲಿ ಕಾಣಿಸಿದ ಮೂಲ ಸಂಬಳ ತಿಂಗಳಿಗೆ 30,000 ಫ್ರಾಂಕು; ನಿಯಮದಂತೆ ಅದಕ್ಕಿಂತ ಕಡಿಮೆ ಕೊಡುವಂತಿರಲಿಲ್ಲವಾದುದರಿಂದಲೇ ಅಷ್ಟು. ಬೋಸ್ಮನ್ನನು ಒಪ್ಪಲಿಲ್ಲ. ಕೂಡಲೆ ಆತನ ಹೆಸರು ವರ್ಗಾವಣೆಯ ಪಟ್ಟಿಗೆ ಏರಿತು. ಕೊಳ್ಳುವವರು ತೆರಬೇಕಾದ ‘ಶಿಕ್ಷಣ ಪರಿಹಾರ’ 1,17,43,000 ಫ್ರಾಂಕು ಎಂದು ಗೊತ್ತುಮಾಡಲ್ಪಟ್ಟಿತು. ವಾಚಕರು ಈ ಲೆಕ್ಕವನ್ನು ಒಂದು ಕ್ಷಣ ಮನಸ್ಸಿನಲ್ಲಿ ತೂಗಿ ನೋಡಬೇಕು. ದುಡಿಮೆಗೆ ಕೊಡುವಾಗ ಆತನ ಯೋಗ್ಯತೆ ಕಾಲುಪಾಲಿಗೆ ಇಳಿಯಿತು. ಮಾರುವಾಗ ಅದೇ ಯೋಗ್ಯತೆ ಹೆಚ್ಚುಕಡಿಮೆ ನಾಲ್ಕು ಪಾಲಿಗೆ ಏರಿತು. ಎರಡು ತಕ್ಕಡಿಗಳನ್ನು ಇಟ್ಟುಕೊಂಡ ವರ್ತಕನನ್ನು ನಮ್ಮ ಹಳ್ಳಿಯ ಸಂತೆಯಲ್ಲಿಯೂ ಜನರು ಸುಮ್ಮನೆ ಬಿಡುವುದಿಲ್ಲ.

ಫ್ರಾನ್ಸಿನ ಎರಡನೆಯ ದರ್ಜೆಯ ಡಂಕರ್ಕ್ ಕ್ಲಬ್ಬು ಆತನಿಗೆ ತಿಂಗಳಿಗೆ ಸುಮಾರು 1,00,000 ಫ್ರಾಂಕು ಕೊಡಲು ಒಪ್ಪಿತು. ಜುಲೈ 27ರಂದು ಎರಡು ಕ್ಲಬ್ಬುಗಳೂ ತಮ್ಮೊಳಗೆ ಕರಾರು ಮಾಡಿಕೊಂಡುವು. ಆದರೆ ಆಗಸ್ಟ್ 2ರಂದು ನಡೆಯುವ ವರ್ಷದ ಮೊದಲ ಪಂದ್ಯಕ್ಕೆ ಮುನ್ನ ಬೆಲ್ಜಿಯಂ ಫೆಡರೇಷನ್ನಿನಿಂದ ವರ್ಗಾವಣೆಯ ಸರ್ಟಿಫಿಕೇಟು ಫ್ರಾನ್ಸಿಗೆ ತಲುಪಬೇಕೆಂಬ ಷರತ್ತು ಇದ್ದಿತು. ಡಂಕರ್ಕಿಗೆ ಹಣ ತೆರುವ ಶಕ್ತಿಯುಂಟೋ ಇಲ್ಲವೋ ಎಂಬ ಸಂಶಯದಿಂದ ಲಿಯೇಜಿನವರು ಆ ಕಾಗದವನ್ನು ಕಳುಹಿಸಬೇಕೆಂದು ಕೇಳಲೇ ಇಲ್ಲ. ಕರಾರುಗಳು ಬಿದ್ದುಹೋದುವು. ಅಷ್ಟಕ್ಕೇ ನಿಲ್ಲದೆ, ಜುಲೈ 31ರಂದು ಆತನನ್ನು ಅಮಾನತಿನಲ್ಲಿರಿಸುವಂತೆಯೂ ಫೆಡರೇಷನ್ನನ್ನು ಕೇಳಿಕೊಂಡರು. ಶಾಲೆಗಳಲ್ಲಿ ಆಯುಷ್ಯವನ್ನು ಕಳೆದ ನಮ್ಮಂಥವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗನ ಟಿ. ಸಿ.ಯನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರೆ ಆ ಹುಡುಗನ ಒಂದು ವರ್ಷವು ಹೋಯಿತೆಂದೇ ಲೆಕ್ಕ. ಅವನನ್ನು ಹೊಡೆಯಬೇಕಾಗಿಲ್ಲ, ಬಯ್ಯಬೇಕಾಗಿಲ್ಲ. ಒಂದು ಕಾಗದವನ್ನು ಕೊಡದಿದ್ದರೆ ಸಾಕು.

1990ರ ಆಗಸ್ಟ್ 8ರಂದು ಬೋಸ್ಮನ್ನನು ಲಿಯೇಜಿನ ನ್ಯಾಯಾಲಯದಲ್ಲಿ ದಾವೆ ಹೂಡಿದನು. ಆಗ ಆತನಿಗೆ 25 ವರ್ಷ. ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯವು ತೀರ್ಪು ಕೊಟ್ಟುದು 1995ರ ಡಿಸೆಂಬರ್ 15ರಂದು, ಆಗ 31. ಆಟಗಾರನ ಕಾಲಿನಲ್ಲಿ ಪೂರ್ಣ ಬಲವಿರುವ ವರ್ಷಗಳೆಂದರೆ ಇವೇ. ಆ ನಡುವೆ ಫ್ರಾನ್ಸಿನ ಸೈಂಟ್ ಕ್ವೆಂಟಿನ್, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಒಂದು ಕ್ಲಬ್ಬು, ಕಡೆಗೆ ಬೆಲ್ಜಿಯಂನ ಮೂರನೆಯ ದರ್ಜೆಯ ಒಲಿಂಪಿಕ್ ಷಾರ್ಲ್ರಾ, ಹೀಗೆ ಆತನು ಅಲೆದನು. ತಾತ್ಕಾಲಿಕ ಆಜ್ಞೆಯಿಂದ ಬಿಡುಗಡೆ ಹೊಂದಿದ್ದರೂ ಯೂರೋಪಿನ ಕ್ಲಬ್ಬುಗಳು ಆತನನ್ನು ಬಹಿಷ್ಕರಿಸಿದುವೆಂದು ನಂಬಲು ಬಲವಾದ ಸಾಂದರ್ಭಿಕ ಸಾಕ್ಷ್ಯವಿದೆಯೆಂಬ ಬೆಲ್ಜಿಯಂ ನ್ಯಾಯಾಲಯದ ಅಭಿಪ್ರಾಯವು ಆ ತೀರ್ಪಿನಲ್ಲಿಯೇ ದಾಖಲಾಗಿದೆ. ಆತನು ಗೆದ್ದನು, ಗೆಲ್ಲುವ ಹೊತ್ತಿಗೆ ಆಡುವ ಕಾಲ ಕಳೆದಿದ್ದಿತು. ಮುಂದೆ ಬಡತನಕ್ಕೂ ಕುಡಿತಕ್ಕೂ ಸಿಕ್ಕಿ ನವೆದುದನ್ನು ಆತನೇ ಬಹಿರಂಗವಾಗಿ ಹೇಳಿಕೊಂಡಿದ್ದಾನೆ. ಫಲವನ್ನು ಉಂಡವರು ಬೇರೆಯವರು. 1996ರಲ್ಲಿ ಎಡ್ಗರ್ ಡೇವಿಡ್ಸನು ಆಯಾಕ್ಸ್ ಕ್ಲಬ್ಬಿನಿಂದ ಮಿಲಾನಿಗೂ, 1999ರಲ್ಲಿ ಸ್ಟೀವ್ ಮೆಕ್‌ಮನಾಮನನು ಲಿವರ್‌ಪೂಲಿನಿಂದ ರಿಯಲ್ ಮ್ಯಾಡ್ರಿಡ್ಡಿಗೂ ಕರಾರು ತೀರಿದವರಾಗಿ, ಯಾರೂ ಯಾರಿಗೂ ಬೆಲೆ ತೆರದೆ ಹೋದರು. ಇವರಿಬ್ಬರೂ ನಡುಪಂಕ್ತಿಯವರೇ.

ತೀರ್ಪು ಹೇಳಿದುದಾದರೂ ಏನು? ಐರೋಪ್ಯ ಒಕ್ಕೂಟದ ಪ್ರಜೆಯಾದ ಆಟಗಾರನು ತನ್ನ ಕರಾರು ತೀರಿದ ಮೇಲೆ ಒಕ್ಕೂಟದ ಮತ್ತೊಂದು ದೇಶದ ಕ್ಲಬ್ಬಿಗೆ ಹೋಗುವಾಗ ಹಳೆಯ ಕ್ಲಬ್ಬು ಹಣ ಕೇಳಕೂಡದು. ಇದು ಒಂದು. ಒಕ್ಕೂಟದ ಅನ್ಯದೇಶೀಯರು ಪಂದ್ಯದಲ್ಲಿ ಇಷ್ಟೇ ಮಂದಿ ಆಡಬೇಕೆಂಬ ಕಟ್ಟು ಸಲ್ಲದು. ಇದು ಎರಡು. ಇಷ್ಟೇ. ಕರಾರನ್ನು ಮುರಿಯಿರಿ ಎಂದು ಎಲ್ಲಿಯೂ ಹೇಳಿಲ್ಲ.

ಇನ್ನು ಪೂರ್ವಪಕ್ಷಗಳು. ಮೊದಲನೆಯದು: ಸಣ್ಣ ಕ್ಲಬ್ಬು ಹುಡುಗನನ್ನು ತಿದ್ದಿ ಬೆಳೆಸುತ್ತದೆ, ಬೆಲೆ ಸಿಗದಿದ್ದರೆ ಅದು ಬಾಳುವುದೆಂತು? ಈ ಆಕ್ಷೇಪಣೆಯಲ್ಲಿ ತಿರುಳಿದೆ, ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಬೆಲ್ಜಿಯಂನಲ್ಲಿ ಆ ‘ಪರಿಹಾರ’ವನ್ನು ಎಣಿಸುತ್ತಿದ್ದ ಕ್ರಮವನ್ನು ನೋಡಿರಿ. ಆಟಗಾರನ ವಾರ್ಷಿಕ ಆದಾಯವನ್ನು ಅವನ ವಯಸ್ಸಿಗೆ ತಕ್ಕಂತೆ 14ರಿಂದ 2ರ ವರೆಗಿನ ಯಾವುದೋ ಒಂದು ಅಂಕದಿಂದ ಗುಣಿಸುತ್ತಿದ್ದರು. ಕಲಿಸಲು ತಗುಲಿದ ವೆಚ್ಚಕ್ಕೂ ಈ ಗುಣಾಕಾರಕ್ಕೂ ಏನು ಸಂಬಂಧ? ಅದಲ್ಲದೆ ಬೋಸ್ಮನ್ನನನ್ನು ಬಾಲ್ಯದಿಂದ ತಿದ್ದಿದವರು ಸ್ಟಾಂಡರ್ಡಿನವರು. ಬೆಲೆ ಕೇಳಿದವರು ಎರಡು ವರ್ಷ ಆಡಿಸಿಕೊಂಡವರು. ಇದನ್ನು ಗುರುದಕ್ಷಿಣೆಯೆಂದು ಕರೆಯುವವರು ರಘುವಂಶದ ಐದನೆಯ ಸರ್ಗವನ್ನು ನೆನೆಯಬೇಕು. ವರತಂತುವು ಮೊದಲು ಕೌತ್ಸನ ಭಕ್ತಿಯೇ ಸಾಕೆಂದವನು. ಶಿಷ್ಯನು ಹಟಹಿಡಿದು ಪೀಡಿಸಿದ ಮೇಲೆಯೇ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಕೇಳಿದನು. ದಕ್ಷಿಣೆ ಬರುವ ವರೆಗೆ ಶಿಷ್ಯನ ವಿದ್ಯೆಯು ನಡೆಯದಂತೆ ಅವನು ಎಲ್ಲಿಗೂ ಓಲೆ ಬರೆಯಲಿಲ್ಲ. ಸಣ್ಣ ಕ್ಲಬ್ಬುಗಳನ್ನು ಉಳಿಸಬೇಕೇ? ಅವಶ್ಯವಾಗಿ ಉಳಿಸಬೇಕು. ಪಂದ್ಯಗಳಿಂದ ಬರುವ ಆದಾಯವನ್ನು ಎಲ್ಲ ಕ್ಲಬ್ಬುಗಳೂ ಹಂಚಿಕೊಳ್ಳುವ ಮಾರ್ಗವನ್ನು ಅದೇ ಪ್ರಕರಣದಲ್ಲಿ ಅಡ್ವೊಕೇಟ್ ಜನರಲ್ ಲೆನ್ಸ್ ಅವರು ಸೂಚಿಸಿದ್ದರು. ಹಾಗೆ ಮಾಡಲು ಸಿರಿವಂತ ಕ್ಲಬ್ಬುಗಳ ಕೈಚೀಲಕ್ಕೆ ಕೈ ಹಾಕಬೇಕಾಗುವುದು. ಒಬ್ಬ ಆಟಗಾರನ ಕೊರಳಿಗೆ ಕೈ ಹಾಕುವುದು ಅದಕ್ಕಿಂತ ಸುಲಭ.

ಎರಡನೆಯ ಪೂರ್ವಪಕ್ಷ: ಹಿಂದೆ ನಿಷ್ಠೆಯಿತ್ತು. ಯಾವ ಹಿಂದೆ? ಇಂಗ್ಲೆಂಡಿನಲ್ಲಿ 1961ರ ಜನವರಿಯ ವರೆಗೆ ಆಟಗಾರನ ಸಂಬಳವು ವಾರಕ್ಕೆ 20 ಪೌಂಡನ್ನು ಮೀರುವಂತಿರಲಿಲ್ಲ. ಕರಾರು ತೀರಿದರೂ ಕ್ಲಬ್ಬು ಅವನನ್ನು ‘ಉಳಿಸಿಕೊಳ್ಳ’ಬಹುದಾಗಿದ್ದಿತು, ಉಳಿಸಿಕೊಂಡರೆ ಅವನು ಬೇರೆಲ್ಲಿಯೂ ಆಡುವಂತಿರಲಿಲ್ಲ. ನ್ಯೂಕಾಸಲಿನ ಜಾರ್ಜ್ ಈಸ್ಟಮನು 1960ರಲ್ಲಿ ಇದನ್ನು ಒಪ್ಪದೆ, ಆಟವನ್ನೇ ಬಿಟ್ಟು, ಬಿರಡೆ ಮಾರುವ ಕೆಲಸಕ್ಕೆ ಸೇರಿದನು. ಆ ವರ್ಷದ ನವೆಂಬರಿನಲ್ಲಿ ಕ್ಲಬ್ಬು ಅವನನ್ನು 47,500 ಪೌಂಡಿಗೆ ಆರ್ಸೆನಲಿಗೆ ಒಪ್ಪಿಸಿತು. ಅವನು ದಾವೆಯನ್ನು ಬಿಡಲಿಲ್ಲ. ಹೀಗೆ ಹಿಡಿದಿಡುವುದು ವೃತ್ತಿಗೆ ಒಡ್ಡಿದ ಅನ್ಯಾಯದ ತಡೆಯೆಂದು 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸರು ತೀರ್ಪಿತ್ತರು. ಬಾಗಿಲಿಗೆ ಅಗುಳಿ ಹಾಕಿದ ಕೊಟ್ಟಿಗೆಯಲ್ಲಿ ನಿಂತ ಹಸುವನ್ನು ನಿಷ್ಠಾವಂತೆಯೆಂದು ಹೊಗಳುವುದೆ? ಹೋಗಬಲ್ಲವನು ಹೋಗದೆ ನಿಂತರೆ ಅದು ನಿಷ್ಠೆ. ಹಾಗೆ ನಿಂತವರನ್ನು ನಾವು ಗೌರವಿಸುತ್ತೇವೆ. ಬಾಗಿಲು ತೆರೆದಿದ್ದರೆ ಮಾತ್ರವೇ ಅವರನ್ನು ಗುರುತಿಸುವುದು ಸಾಧ್ಯ.

ಮೂರನೆಯದು: ಈ ತೀರ್ಪಿನಿಂದ ಸಿರಿವಂತ ಕ್ಲಬ್ಬುಗಳು ಮತ್ತಷ್ಟು ಕೊಬ್ಬಿದುವು, ಆಟಗಾರರು ಕೋಟ್ಯಧೀಶರಾದರು, ಇವರಿಗಾಗಿ ಕಣ್ಣೀರೇಕೆ? 1995ರಲ್ಲಿ ಯೂರೋಪಿನ ಚಾಂಪಿಯನ್ನರಾದ ಆಯಾಕ್ಸಿನವರು ಕೆಲವೇ ವರ್ಷಗಳಲ್ಲಿ ತಮ್ಮ ಹುಡುಗರನ್ನು ಕಳೆದುಕೊಂಡುದು ನಿಜ. ಆದರೆ ಇಂಗ್ಲೆಂಡಿನ ಪ್ರೀಮಿಯರ್ ಲೀಗೂ ಯೂರೋಪಿನ ಚಾಂಪಿಯನ್ಸ್ ಲೀಗೂ ಆರಂಭವಾದುದು 1992ರಲ್ಲಿ. ದೂರದರ್ಶನದ ಹಣವು ಹೊಳೆಯಾಗಿ ಹರಿಯತೊಡಗಿದುದು ತೀರ್ಪಿಗಿಂತ ಮೊದಲೇ. ಕಟ್ಟೆಯನ್ನು ಒಡೆದವರನ್ನು ಬಿಟ್ಟು ತೀರದಲ್ಲಿ ನಿಂತವನನ್ನು ದೂರುವುದು ತರ್ಕವಲ್ಲ. ಕೋಟಿಯ ಮಾತಿಗೆ ಉತ್ತರವಿಷ್ಟೆ: ಸ್ವಾತಂತ್ರ್ಯವು ಬಡವನಿಗೆ ಹಾಕುವ ಭಿಕ್ಷೆಯಲ್ಲ, ಸಿರಿವಂತನಾದೊಡನೆ ಕಿತ್ತುಕೊಳ್ಳಲಿಕ್ಕೆ. ಅಲ್ಲದೆ ಬೋಸ್ಮನ್ನನು ಕೋಟ್ಯಧೀಶನಾಗಿರಲಿಲ್ಲ. ಹೆಸರುವಾಸಿಯಾದವನನ್ನು ಕೊಳ್ಳಲು ಹತ್ತು ಮಂದಿ ಬರುವರು. ತಡೆಯ ಬಿಸಿ ತಟ್ಟುವುದು ಎರಡನೆಯ ದರ್ಜೆಯಲ್ಲಿ ಅನ್ನ ಹುಡುಕುವವನಿಗೆ.

ವ್ಯಾಧಿ ಪೂರ್ತಿಯಾಗಿ ವಾಸಿಯಾಯಿತೆಂದು ಯಾರೂ ಭಾವಿಸಬಾರದು. ಫ್ರಾನ್ಸಿನ ಲಸಾನಾ ದಿಯಾರಾ, ಈತನೂ ನಡುಪಂಕ್ತಿಯವನೇ, 2014ರಲ್ಲಿ ಮಾಸ್ಕೋದ ಲೋಕೊಮೋಟಿವ್ ಕ್ಲಬ್ಬಿನೊಡನೆ ಸಂಬಂಧವನ್ನು ಕಳೆದುಕೊಂಡನು. ಆತನು 1 ಕೋಟಿ 5 ಲಕ್ಷ ಯೂರೋ ತೆರಬೇಕೆಂದು ಫಿಫಾ ವಿಧಿಸಿತು. ಅವಧಿಯ ನಡುವೆ ಕರಾರು ಮುರಿದವನು ನಷ್ಟವನ್ನು ತುಂಬಬೇಕೆಂಬುದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಅವನನ್ನು ಕರೆದುಕೊಂಡ ಹೊಸ ಕ್ಲಬ್ಬೂ ಆ ಸಾಲಕ್ಕೆ ಹೊಣೆಯೆಂದೂ, ವಿವಾದವಿರುವ ವರೆಗೆ ಸರ್ಟಿಫಿಕೇಟು ತಡೆಯಬಹುದೆಂದೂ ನಿಯಮವಿದ್ದಿತಷ್ಟೆ. ಅದಕ್ಕೆ ಬೆದರಿ ಬೆಲ್ಜಿಯಂನ ಷಾರ್ಲ್ರಾ ಕ್ಲಬ್ಬು ಹಿಂದೆಗೆಯಿತು. ಮತ್ತದೇ ಟಿ. ಸಿ., ಮತ್ತದೇ ಬೀಗ! 2024ರ ಅಕ್ಟೋಬರ್ 4ರಂದು ಐರೋಪ್ಯ ನ್ಯಾಯಾಲಯವು ಈ ನಿಯಮಗಳು ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಸಾರಿತು. ಆ ವರ್ಷದ ಕೊನೆಯಲ್ಲಿ ಫಿಫಾ ತಾತ್ಕಾಲಿಕವಾಗಿ ತಿದ್ದುಪಡಿ ಮಾಡಿತು. ಬೋಸ್ಮನ್ ತೀರ್ಪಿಗೂ ಇದಕ್ಕೂ ನಡುವೆ 29 ವರ್ಷ.

ಇದೆಲ್ಲ ಯೂರೋಪಿನ ಮಾತು, ನಮಗೇನು ಎಂದು ವಾಚಕರು ಕೇಳಬಹುದು. 2015ರ ಜುಲೈ ತಿಂಗಳಿನಲ್ಲಿ ಮುಂಬಯಿಯಲ್ಲಿ ಇಂಡಿಯನ್ ಸೂಪರ್ ಲೀಗಿನವರು ಆಟಗಾರರ ಹರಾಜು ನಡೆಸಿದರು. ನಮ್ಮ ಬೆಂಗಳೂರು ಎಫ್. ಸಿ.ಯ ನಡುಪಂಕ್ತಿಯಲ್ಲಿ ಆಡಿದ ಯೂಜಿನ್‌ಸನ್ ಲಿಂಗ್ಡೊ 1 ಕೋಟಿ 5 ಲಕ್ಷ ರೂಪಾಯಿಗೆ ಪುಣೆಯ ಪಾಲಾದನು. ಅಲ್ಲಿಗೆ ಹೋದವರು ಒಪ್ಪಿಯೇ ಹೋದವರು. ಅವರ ಸಂಪಾದನೆಯನ್ನು ಕಂಡು ನಮಗೆ ಮತ್ಸರವಿಲ್ಲ. ನಮ್ಮ ಆಕ್ಷೇಪಣೆಯಿರುವುದು ಆ ಪದಗಳ ಮೇಲೆ. ಕ್ರಿಕೆಟ್ಟಿನಿಂದ ಆರಂಭಿಸಿ ನಮ್ಮ ಕನ್ನಡ ಪತ್ರಿಕೆಗಳೆಲ್ಲ ಇಂಥವನು ‘ಮಾರಾಟವಾದ’, ಇಂಥವನನ್ನು ‘ಖರೀದಿಸಿದರು’, ಇಂಥವನು ‘ಬಿಕರಿಯಾಗದೆ ಉಳಿದ’ ಎಂದು ಎಗ್ಗಿಲ್ಲದೆ ಬರೆಯುತ್ತಿವೆ. ಓದುವ ನಾವು ಎಗ್ಗಿಲ್ಲದೆ ಓದುತ್ತಿದ್ದೇವೆ. ಹರಿಶ್ಚಂದ್ರನ ಕಥೆಯಲ್ಲಿ ಕಾಶಿಯ ಬೀದಿಯ ಪ್ರಸಂಗಕ್ಕೆ ಬಂದಾಗ ನಮ್ಮ ಹಿರಿಯರು ಕಣ್ಣೊರಸಿಕೊಳ್ಳುತ್ತಿದ್ದರು. ಅಲ್ಲಿ ಸಾಲಕ್ಕಾಗಿ, ಸತ್ಯಕ್ಕಾಗಿ ಮನುಷ್ಯನು ತನ್ನನ್ನು ತಾನೇ ಮಾರಿಕೊಂಡನು. ಆದರೂ ಅದು ಅವರಿಗೆ ಶೋಕವಾಗಿ ತೋರಿತು, ಹಬ್ಬವಾಗಿ ತೋರಲಿಲ್ಲ. ಅದೇ ಪದವು ನಮಗೆ ಈಗ ಬೆಳಗಿನ ಕಾಫಿಯೊಡನೆ ಇಳಿದುಹೋಗುತ್ತಿದೆ. ಮಾತು ಹಗುರವಾದಲ್ಲಿ ನಿಯಮವೂ ಹಗುರವಾಗುವುದು. ಆಟಗಾರನನ್ನು ಸರಕೆಂದು ದಿನವೂ ಓದಿದವನಿಗೆ, ಅವನ ಸರ್ಟಿಫಿಕೇಟು ಖಾನೆಯಲ್ಲಿ ಉಳಿದರೆ ಅನ್ಯಾಯವೆಂದು ತೋರುವುದೆ?

ನಮ್ಮ ಸಿದ್ಧಾಂತ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ದಾಸನನ್ನೂ ಕೂಲಿಯವನನ್ನೂ ಬೇರೆ ಬೇರೆಯಾಗಿ ಎಣಿಸಿ, ಕೂಲಿಯವನು ಮಾತಾಡಿಕೊಂಡ ವೇತನಕ್ಕೆ ಮಾತಾಡಿಕೊಂಡ ಕೆಲಸವನ್ನು ಮಾಡತಕ್ಕದ್ದೆಂದು ವಿಧಿಸುತ್ತದೆ. ಕೊಂಡುದು ಕೆಲಸವನ್ನು, ಕೆಲಸಗಾರನನ್ನಲ್ಲ. ಅವಧಿ ಇರುವಷ್ಟು ಕಾಲ ಆಟಗಾರನು ಕರಾರಿಗೆ ಬದ್ಧನು. ತೀರಿದ ದಿನ ಅವನು ತನ್ನವನು. ಇಷ್ಟು ಸುಲಭವಾದ ಮಾತನ್ನು ಯೂರೋಪಿನ ಕ್ಲಬ್ಬುಗಳಿಂದ ಒಪ್ಪಿಸಲು ಲಿಯೇಜಿನ ಒಬ್ಬ ಸಾಧಾರಣ ಆಟಗಾರನು ತನ್ನ ವೃತ್ತಿಯನ್ನೇ ತೆತ್ತನು. ಅವನು ಆಟವನ್ನು ಕೆಡಿಸಿದನೆಂದು ಇನ್ನು ಮುಂದೆ ಯಾರಾದರೂ ಅಂದರೆ, 30,000 ಮತ್ತು 1,17,43,000 ಎಂಬ ಎರಡು ಅಂಕಗಳನ್ನು ಅವರ ಮುಂದೆ ಬರೆದಿಡಿರಿ. ನಮ್ಮ ಪತ್ರಿಕೆಗಳ ಸಂಪಾದಕ ಮಹಾಶಯರು ‘ಮಾರಾಟವಾದ’ ಎಂದು ಬರೆಯುವೆಡೆಯಲ್ಲಿ ‘ಕರಾರಾಯಿತು’ ಎಂದು ಬರೆಯುವ ಕೃಪೆ ಮಾಡಲಿ. ಅಲಮತಿವಿಸ್ತರೇಣ.